ಫ್ಲೋಟಿನೊಳಗಿನ ತೂಕ

ಐದನೆಯ ಕಂತು

"ಬಂತು ಅಕ್ಕ, ಮತ್ತೆ ಬಂತು ನೋಡು!"

ಮೇಸ್ತ್ರಿಯ ಒಂದು ಕೈ ಬಾನೆಟ್ಟಿನ ಒಳಗಿತ್ತು. ಕಾರ್ಬೊರೇಟರಿನ ಅಂಚಿನಲ್ಲಿ ಪೆಟ್ರೋಲು ತುಂಬಿ ನಿಂತಿತು, ಬೀಳಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿತು, ಆಮೇಲೆ ಟಪ್ಪೆಂದು ಕೆಳಗಿಟ್ಟ ತಟ್ಟೆಗೆ ಬಿತ್ತು. ಹಿಂದೆಯೇ ಇನ್ನೊಂದು ಹನಿ. ಮೂರನೆಯದರ ನಂತರ ಎಣಿಸುವ ಕೆಲಸವೇ ಉಳಿಯಲಿಲ್ಲ.

"ಸಾಕು, ಬಿಡು," ಎಂದರು ಅಕ್ಕ.

ಅವನು ಒತ್ತುತ್ತಿದ್ದ ಪಂಪಿನ ಪುಟ್ಟ ಹಿಡಿಯನ್ನು ಬಿಟ್ಟ. ಸೋರಿಕೆ ನಿಧಾನವಾಗಿ ನಿಂತಿತು. ಎಂಜಿನ್ನು ತಣ್ಣಗಿತ್ತು, ಆದ್ದರಿಂದ ಭಯವಿರಲಿಲ್ಲ. ಭಯವಾಗಿದ್ದು ಹೋದ ಭಾನುವಾರ, ಹಳೇ ಕಾರುಗಳ ಮೆರವಣಿಗೆಯಲ್ಲಿ. ಇದೇ ಹನಿ ಕಾದ ಹೊಗೆಕೊಳವೆಯ ಮೇಲೆ ಬಿದ್ದು, ನಾಲ್ಕು ರಸ್ತೆ ಕೂಡುವಲ್ಲಿ ಬಾನೆಟ್ಟಿನ ಸಂದಿಯಿಂದ ಬೆಂಕಿ ಎದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಬೆಣ್ಣೆ ಬಣ್ಣದ ಬಾನೆಟ್ಟು ಅಂಗೈಯಗಲ ಕಪ್ಪಾಯಿತು, ಅಷ್ಟೆ.

ಅದರ ಜೊತೆಗೆ ಮೇಸ್ತ್ರಿಯ ಹೆಸರೂ ಕಪ್ಪಾಯಿತು. ಗಾಡಿಯನ್ನು ಮೂರು ತಿಂಗಳು ಕೂತು ಸರಿಮಾಡಿ ಕೊಟ್ಟವನು ಅವನೇ. ಇವತ್ತು ಸಂಜೆ ಐದಕ್ಕೆ ಹಳೇ ಕಾರುಗಳ ಸಂಘದ ಸಭೆ. ಸಂಘದ ಪಟ್ಟಿಯಿಂದ ಅವನ ಹೆಸರು ತೆಗೆಯುವ ವಿಚಾರವಿದೆ ಎಂದು ಕಾರ್ಯದರ್ಶಿಗಳು ಆಗಲೇ ಕಾಗದ ಕಳಿಸಿದ್ದರು.

ಆ ಕಾಗದ ಅವನನ್ನು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಅವನ ಕೈ. ಈಚೆಗೆ ಬಲಗೈ ಬೆರಳುಗಳು ನಡುಗುತ್ತಿದ್ದವು. ಸ್ಕ್ರೂ ಹಿಡಿದರೆ ಒಂದೊಂದು ಬಾರಿ ಜಾರುತ್ತಿತ್ತು.

"ಐವತ್ತೆಂಟು ವರ್ಷ ಆಯ್ತಲ್ಲ ಅಕ್ಕ," ಎಂದು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೇಳಿದ್ದ. "ಇದು ನನ್ನ ಕೈಯಿಂದಾನೇ ಆಗಿದ್ರೆ, ಸಂಘದವರು ತೆಗೆಯೋದು ಬೇಡ. ಸಂಜೆ ನಾನೇ ಪಾನಾ, ಸ್ಕ್ರೂ ಡ್ರೈವರ್ ಎಲ್ಲಾ ಒರೆಸಿ ಪೆಟ್ಟಿಗೇಲಿಡ್ತೀನಿ. ಬೇರೆಯವರ ಜೀವದ ಜೊತೆ ಆಟ ಆಡೋಕಾಗಲ್ಲ."

"ಆಯ್ತು ಇಡುವಂತೆ. ಮೊದಲು ಗೊತ್ತಾಗಲಿ," ಎಂದಿದ್ದರು ಅಕ್ಕ.

ಅಕ್ಕನಿಗೆ ಅರವತ್ತೆಂಟು. ಊರಿಗೆಲ್ಲ ಅವರು ಕಾಂಪೌಂಡರಮ್ಮ. ಈ ಕಾರಿನ ಒಡೆಯರಾಗಿದ್ದ ಡಾಕ್ಟರ ದವಾಖಾನೆಯಲ್ಲಿ ಇಪ್ಪತ್ತು ವರ್ಷ ಪುಡಿ ತೂಗಿ, ಪೊಟ್ಟಣ ಕಟ್ಟಿದವರು. ಡಾಕ್ಟರು ತೀರಿಹೋಗಿ ಇಪ್ಪತ್ತೆರಡು ವರ್ಷವಾಯಿತು. ಕಾರು ಈಗ ಅವರ ಹೆಂಡತಿಯದು. ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಎಲ್ಲರ ಬಾಯಲ್ಲೂ ಅವರು ಹೆಡ್‌ಮಿಸ್ಸು.

"ಈಗ ಒಬ್ಬೊಬ್ಬರನ್ನೇ ಕರಿ," ಎಂದರು ಅಕ್ಕ, ಸ್ಟೂಲಿನ ಮೇಲೆ ಸರಿಯಾಗಿ ಕೂತು. "ಮೊದಲನೇ ಆರೋಪಿ ಯಾರು?"

ಮೇಸ್ತ್ರಿ ನಕ್ಕ. ಆ ದಿನದ ಮೊದಲ ನಗು. ಕಾರ್ಬೊರೇಟರನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟ.

"ಇದು ಬಟ್ಟಲು. ಪಂಪಿಂದ ಪೆಟ್ರೋಲು ಇಲ್ಲಿಗೆ ಬರುತ್ತೆ. ಒಳಗೆ ಈ ಹಿತ್ತಾಳೆ ಫ್ಲೋಟು ತೇಲ್ತಾ ಇರುತ್ತೆ. ಪೆಟ್ರೋಲು ಏರಿದ ಹಾಗೆ ಇದೂ ಏರುತ್ತೆ, ಏರಿ ಈ ಸೂಜೀನ ಮೇಲಕ್ಕೆ ಒತ್ತುತ್ತೆ. ಸೂಜಿ ಬಾಗಿಲು ಮುಚ್ಚುತ್ತೆ. ಮುಚ್ಚಿಲ್ಲ ಅಂದ್ರೆ ತುಂಬಿ ಹರಿಯುತ್ತೆ."

"ಹಾಗಾದ್ರೆ ಬಾಗಿಲು ಕಾಯೋನು ಸೂಜಿ. ಅವನನ್ನ ವಿಚಾರಿಸು."

ಅವನು ಸೂಜಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದ. ಸವೆದಿಲ್ಲ. ಅದು ಕೂರುವ ಜಾಗದಲ್ಲಿ ಕಸವಿಲ್ಲ. ಸೂಜಿಯನ್ನು ಬೆರಳಿಂದ ಒತ್ತಿಹಿಡಿದು ಕೊಳವೆಗೆ ಬಾಯಿಟ್ಟು ಊದಿದ. ಗಾಳಿ ಒಂದಿಷ್ಟೂ ಹೋಗಲಿಲ್ಲ. ಊದಿ ಊದಿ ಅವನ ಕೆನ್ನೆ ಮಾತ್ರ ಕೆಂಪಾಯಿತು.

"ಸೂಜಿ ಸಾಚಾ," ಎಂದ. "ಪಂಪು ಜೋರಾಗಿ ತಳ್ಳುತ್ತಾ ಅಂದ್ರೆ, ನಿನ್ನೇನೇ ಅಳತೆ ಹಾಕಿ ನೋಡಿದೀನಿ, ಇಲ್ಲ. ಗಾಳಿ ತಡೆಯೋ ಚೋಕು ಅಂಟಿಕೊಂಡಿಲ್ಲ. ಫ್ಲೋಟಿನ ಎತ್ತರ ನಾನು ಬಿಟ್ಟ ಹಾಗೇ ಇದೆ."

"ಎಲ್ಲಾ ಸಾಚಾ ಅಂದ್ರೆ ಹೇಗಪ್ಪ?"

ಬಟ್ಟಲಿನ ಮುಚ್ಚಳದ ನಾಲ್ಕು ಸ್ಕ್ರೂಗಳು ಬಟ್ಟೆಯ ಮೇಲೆ ಸಾಲಾಗಿದ್ದವು. ಮೇಸ್ತ್ರಿ ಅವನ್ನೇ ನೋಡುತ್ತಾ ನಿಂತ.

"ಏನೋ ಅದು? ಹೇಳಿಬಿಡು."

"ನಾನು ಮುಚ್ಚಳ ಹಾಕಿದ್ರೆ ನಾಲ್ಕೂ ಸ್ಕ್ರೂ ತಲೆಯ ಸೀಳು ಒಂದೇ ದಿಕ್ಕಿಗೆ ನಿಲ್ಲಬೇಕು ಅಕ್ಕ. ಇಪ್ಪತ್ತನೇ ವಯಸ್ಸಿಂದ ಇರೋ ಚಾಳಿ. ಇವತ್ತು ತೆಗೆಯುವಾಗ ನೋಡಿದೆ, ಒಂದೊಂದು ಒಂದೊಂದು ಕಡೆ ತಿರುಗಿತ್ತು." ಧ್ವನಿ ಇಳಿಯಿತು. "ನಾನು ಹಾಗೆ ಬಿಟ್ಟಿದೀನಿ ಅಂದ್ರೆ... ಕೈ ಹೋಯ್ತು ಅಂತಾನೇ ಅರ್ಥ."

ಅಕ್ಕ ಅವನ ಮುಖವನ್ನೇ ನೋಡಿದರು. ಬೇರೆ ಯಾರಾದರೂ ಆಗಿದ್ದರೆ, 'ಯಾವನೋ ನನ್ನ ಕೆಲಸಕ್ಕೆ ಕೈ ಹಾಕಿದಾನೆ' ಎಂದು ಕೂಗಾಡುತ್ತಿದ್ದರು. ಇವನಿಗೆ ಮೊದಲು ಕಂಡದ್ದು ತನ್ನ ತಪ್ಪು. ಚಿಕ್ಕಂದಿನಿಂದಲೂ ಹಾಗೆಯೇ, ಮನೆಯಲ್ಲಿ ಏನು ಒಡೆದರೂ ಇವನೇ ಬಂದು ಕೈ ಚಾಚಿ ನಿಲ್ಲುತ್ತಿದ್ದ.

ಅವನು ಕಪಾಟಿನಿಂದ ಕಂದು ಬಣ್ಣದ ಬಾಟಲಿ ತೆಗೆದು, ಒಂದು ಚಮಚ ಬಗ್ಗಿಸಿ ಕುಡಿದು ಮುಖ ಕಿವುಚಿದ.

"ಅದೇನು?"

"ಟಾನಿಕ್ಕು. ಗಾಡಿ ನನ್ನ ಹತ್ರ ಬಂದಾಗಿಂದ ಹೆಡ್‌ಮಿಸ್ಸಿನ ಮನೆಯಿಂದ ಕಳಿಸ್ತಾರೆ. ಗಾಡಿ ಕೆಳಗೆ ಮಲಗಿ ಮಲಗಿ ಸೊಂಟ ಹಿಡ್ಕೊಂಡಿದೆ ಅಂತ ಒಂದ್ಸಲ ಬಾಯಿ ತಪ್ಪಿ ಹೇಳಿದ್ದೆ. ಒಳ್ಳೇ ಜನ."

"ಚೀಟಿ ಇಲ್ಲದ ಬಾಟಲಿ ನನ್ನ ಕಣ್ಣಿಗೆ ಬೀಳಬಾರದು," ಎಂದು ಅಕ್ಕ ಹುಬ್ಬು ಗಂಟಿಕ್ಕಿ ಕೈ ಚಾಚಿದರು. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಮೇಸ್ತ್ರಿಯ ಹೆಂಡತಿ ಬಿಸಿನೀರಿನ ಪಾತ್ರೆ ಹಿಡಿದು ಬಂದಳು. ಗ್ಯಾರೇಜಿನೊಳಗೆ ಒಲೆ ಹಚ್ಚುವಂತಿಲ್ಲ. ನೀರು ಅಡುಗೆಮನೆಯಲ್ಲೇ ಕಾಯಬೇಕು.

"ತಗೊಳ್ಳಿ ಅತ್ತಿಗೆ. ಮನುಷ್ಯರ ಸ್ನಾನಕ್ಕೆ ಇಲ್ಲಿ ನೀರು ಕಾಯಿಸೋರಿಲ್ಲ, ಹಿತ್ತಾಳೆಗೆ ಬಿಸಿನೀರು!"

"ನಿನ್ನ ಗಂಡನಿಗೂ ಇದೇ ಪಾತ್ರೇಲಿ ಒಂದು ಮುಳುಗು ಹಾಕಿಸೋಣ ಬಿಡಮ್ಮ. ಎಲ್ಲಿ ತೂತಾಗಿದೆ ಗೊತ್ತಾಗುತ್ತೆ," ಎಂದರು ಅಕ್ಕ.

ಮೂವರೂ ಪಾತ್ರೆಯ ಮೇಲೆ ಬಗ್ಗಿದರು. ಫ್ಲೋಟು ತೂತಾಗಿ ಒಳಗೆ ಪೆಟ್ರೋಲು ಸೇರಿದ್ದರೆ ಅದು ತೇಲುವುದಿಲ್ಲ. ಮೇಸ್ತ್ರಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದಿಲ್ಲ. ಬಿಸಿನೀರಲ್ಲಿ ಅದುಮಿ ಹಿಡಿದ. ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರಬೇಕು. ಒಂದೂ ಬರಲಿಲ್ಲ.

"ತೂತಿಲ್ಲ," ಎಂದ. "ಇನ್ನೇನು ಉಳೀತು? ನನ್ನ ಕೈ ಉಳೀತು."

"ತೂಕ ಉಳೀತು," ಎಂದರು ಅಕ್ಕ.

ಕೈಚೀಲದಿಂದ ಮರದ ಪೆಟ್ಟಿಗೆ ಹೊರಬಂತು. ಒಳಗೆ ದವಾಖಾನೆಯ ಕಾಲದ ಸಣ್ಣ ತಕ್ಕಡಿ, ಗುಳಿಗಳಲ್ಲಿ ಸಾಲಾಗಿ ಕೂತ ಹಿತ್ತಾಳೆಯ ತೂಕದ ಬೊಟ್ಟುಗಳು, ಅವನ್ನೆತ್ತುವ ಚಿಮಟ. ಕೈಯಿಂದ ಮುಟ್ಟಿದರೆ ಬೆವರಿನ ತೂಕವೂ ಸೇರುತ್ತದೆ ಎನ್ನುವವರು ಅವರು.

"ಇದೇ ಜಾತಿಯ ಇನ್ನೊಂದು ಫ್ಲೋಟು ಇದೆಯಾ?"

ಮೇಸ್ತ್ರಿ ಹಳೇ ಡಬ್ಬಿ ಸುರುವಿ ಹುಡುಕಿದ. ಗುಜರಿಗೆ ಹೋದ ಕಾರಿನದೊಂದು ಸಿಕ್ಕಿತು. ಅಕ್ಕ ತೂಗಿದರು. ಹತ್ತೊಂಬತ್ತು ಗ್ರಾಂ. ಅದನ್ನಿಳಿಸಿ ಕಾರಿನ ಫ್ಲೋಟನ್ನು ಇಟ್ಟರು. ತಟ್ಟೆ ಧಡಕ್ಕನೆ ಕೆಳಗಿಳಿಯಿತು. ಚಿಮಟದಲ್ಲಿ ಬೊಟ್ಟು ಎತ್ತಿದರು, ಇಟ್ಟರು. ಇನ್ನೊಂದು. ಇನ್ನೂ ಒಂದು ಪುಟಾಣಿ. ಮುಳ್ಳು ನಿಂತಿತು.

"ಇಪ್ಪತ್ತನಾಲ್ಕೂವರೆ."

"ಐದೂವರೆ ಗ್ರಾಂ ಹೆಚ್ಚು!" ಮೇಸ್ತ್ರಿ ಮುಂದೆ ಬಾಗಿದ. "ಹಾಗಿದ್ರೆ ಇದು ಅರ್ಧ ಮುಳುಗೇ ತೇಲ್ತಿತ್ತು. ಸೂಜೀನ ಒತ್ತೋ ಹೊತ್ತಿಗೆ ಬಟ್ಟಲು ತುಂಬಿ ಹೋಗಿರುತ್ತೆ. ಅಕ್ಕ, ಇದೇ!"

ಬರೀ ಮಾತನ್ನು ನಂಬುವವನಲ್ಲ ಅವನು. ಹಗುರದ ಫ್ಲೋಟು ಹಾಕಿದ, ಮುಚ್ಚಳ ಬಿಗಿದ, ನಾಲ್ಕೂ ಸೀಳು ಒಂದೇ ದಿಕ್ಕಿಗೆ ನಿಲ್ಲುವವರೆಗೆ ನಿಧಾನವಾಗಿ ತಿರುಗಿಸಿದ. ಕಾರ್ಬೊರೇಟರನ್ನು ಗಾಡಿಗೆ ಕೂರಿಸಿ ಪಂಪಿನ ಹಿಡಿ ಒತ್ತಿದ. ಹತ್ತು ಸಲ, ಇಪ್ಪತ್ತು ಸಲ. ಬಟ್ಟಲು ತುಂಬಿತು, ಸೂಜಿ ಮುಚ್ಚಿತು, ಹಿಡಿ ಗಟ್ಟಿಯಾಯಿತು. ಕೆಳಗಿನ ತಟ್ಟೆ ಒಣಗಿಯೇ ಇತ್ತು.

ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಪೆಟ್ರೋಲು ವಾಸನೆಗೆ ಕಣ್ಣುರಿ," ಎಂದು ಒಳಗೆ ಹೋದಳು.

ಮೇಸ್ತ್ರಿ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡ. ಬೆರಳುಗಳು ನಡುಗುತ್ತಲೇ ಇದ್ದವು. ಆದರೂ ಅವನ ಮುಖ, ಕಳೆದುಹೋದ ಮಗು ಬಾಗಿಲಲ್ಲಿ ಬಂದು ನಿಂತಿದೆ ಎನ್ನುವ ಹಾಗಿತ್ತು.

"ನನ್ನದಲ್ಲ ಅಕ್ಕ."

"ನಿನ್ನದಲ್ಲ ಕಣೋ. ಈಗ ಹೇಳು, ಗಾಡಿ ಕೆಟ್ಟರೆ ನೀನು ಮೊದಲು ಕೇಳೋದೇನು?"

ಅದು ಅವನ ಹಳೆಯ ಮಾತು, ಗಿರಾಕಿಗಳಿಗೆಲ್ಲ ಬಾಯಿಪಾಠ. "ಏನು ಕೆಟ್ಟಿದೆ ಅಂತ ಕೇಳಬಾರದು. ಕೆಡೋದಕ್ಕೆ ಮುಂಚೆ ಹೊಸದಾಗಿ ಏನು ಸೇರ್ತು ಅಂತ ಕೇಳಬೇಕು."

"ಹಾಗಾದ್ರೆ ಏನು ಸೇರ್ತು? ಯಾರು ಸೇರಿಸಿದರು?"

ಭೂತಗನ್ನಡಿ ಹಿಡಿದು ಅವನು ಅರ್ಧ ಗಂಟೆ ಕೂತ. ಪೆಟ್ರೋಲಿನಲ್ಲಿ ವರ್ಷಗಟ್ಟಲೆ ಮಿಂದ ಹಿತ್ತಾಳೆ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಇದರ ಸುತ್ತ ಮಾತ್ರ ಕೂದಲೆಳೆಯಷ್ಟು ಬೆಳ್ಳಿ ಗೆರೆ ಹೊಳೆಯುತ್ತಿತ್ತು. ಯಾರೋ ಇದನ್ನು ಎರಡು ಹೋಳು ಮಾಡಿ, ಮತ್ತೆ ಬೆಸೆದು, ಉಜ್ಜಿ ಹೊಳಪು ಕೊಟ್ಟಿದ್ದರು. ಕೊನೆಯಲ್ಲಿ ಇನ್ನೊಂದು ಸಿಕ್ಕಿತು. ಫ್ಲೋಟು ನೇತಾಡುವ ಕಿವಿಯ ಹಿಂದೆ, ಮಡಿಕೆಯೊಳಗೆ, ಸಾಸಿವೆಗಿಂತ ಚಿಕ್ಕದಾದ ಬೆಸುಗೆಯ ಚುಕ್ಕೆ.

"ಗ್ಯಾರೇಜಿನವರ ಕೆಲಸ ಅಲ್ಲ ಇದು," ಎಂದ ಮೇಸ್ತ್ರಿ. "ಒಳಗೆ ಮುಳುಗಿರೋ ವಸ್ತುವಿಗೆ ನಮ್ಮಲ್ಲಿ ಯಾರೂ ಪಾಲಿಶ್ ಹಾಕಲ್ಲ. ಯಾರು ನೋಡ್ತಾರೆ ಅಂತ?"

ಕಾರು ಗ್ಯಾರೇಜು ಬಿಟ್ಟ ಮೇಲೆ ಹನ್ನೆರಡು ದಿನ ಹೆಡ್‌ಮಿಸ್ಸಿನ ಮನೆಯ ಶೆಡ್ಡಿನಲ್ಲಿತ್ತು. ಆ ಮನೆಯಲ್ಲಿರುವವರು ಇಬ್ಬರು: ಹೆಡ್‌ಮಿಸ್ಸು, ಅವರ ಮೈದುನ. ಹೆಡ್‌ಮಿಸ್ಸಿಗೆ ಸ್ಕ್ರೂ ಡ್ರೈವರ್ ಹಿಡಿಯಲು ಬರದು. ಮೈದುನ ಬಟ್ಟೆ ಕೊಳೆಯಾಗುತ್ತದೆಂದು ಕಾರಿಗೆ ಒರಗುವವರೂ ಅಲ್ಲ. ಇವರಲ್ಲದೆ ಶೆಡ್ಡಿಗೆ ಹೋಗಿಬಂದವರು ಇನ್ನೊಬ್ಬರೇ, ಮೆರವಣಿಗೆಗೆ ಮುಂಚೆ ಕಾರು ನೋಡಲು ಬಂದ ಸಂಘದ ಕಾರ್ಯದರ್ಶಿ.

ಅಕ್ಕ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಿದ್ದ ಬೆರಳು ಚೌಕಟ್ಟಿನಲ್ಲಿ ಮೂಗಿನ ಮೇಲೆ ಕೂರುವ ಕಮಾನಿನ ಹತ್ತಿರ ನಿಂತಿತು. ಅದು ಹೋದ ವರ್ಷ ಮುರಿದಿತ್ತು. ಕೂದಲೆಳೆಯಷ್ಟು ಬೆಳ್ಳಿ ಗೆರೆಯಲ್ಲಿ ಬೆಸೆದು, ಉಜ್ಜಿ, ಹೊಳಪು ಕೊಟ್ಟದ್ದು...

ಫ್ಲೋಟನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಎದ್ದರು.

"ಎಲ್ಲಿಗೆ?"

"ಕಣ್ಣು ತೋರಿಸಿಕೊಂಡು ಬರ್ತೀನಿ."

*

ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಗೋಡೆಯ ತುಂಬ ಖಾಲಿ ಚೌಕಟ್ಟುಗಳು ಮುಖವಿಲ್ಲದೆ ನೋಡುತ್ತಿದ್ದವು. ಮೂಲೆಯ ಮೇಜಿನ ಮೇಲೆ ಬೆರಳುದ್ದದ ದೀಪ, ಕೂದಲಿನಂಥ ಗರಗಸ, ಉಜ್ಜುವ ಚಕ್ರ. ಅದರ ಹಿಂದೆ ಕನ್ನಡಕದವರು ಸಂಜೆಯ ಸಭೆಗೆ ಟಿಪ್ಪಣಿ ಬರೆಯುತ್ತಿದ್ದರು. ಸಂಘದ ಕಾರ್ಯದರ್ಶಿ ಇವರೇ.

"ಬನ್ನಿ ಬನ್ನಿ ಕಾಂಪೌಂಡರಮ್ಮ. ತಮ್ಮನ ಪರ ಶಿಫಾರಸ್ಸಿಗೆ ಬಂದ್ರಾ? ನಾನೇನು ಮಾಡಲಿ ಹೇಳಿ. ಮನಸ್ಸಿಗೆ ನನಗೂ ಬೇಜಾರೇ. ಆದ್ರೆ ಬೆಂಕಿ ಅಂದ್ರೆ ಬೆಂಕಿ."

"ಶಿಫಾರಸ್ಸೇನಿಲ್ಲ. ನನಗೊಂದು ಪಾಠ ಬೇಕಿತ್ತು."

"ಪಾಠ?"

"ನಾನು ಪುಡಿ ತೂಗಿದವಳು. ಲೋಹದ ವಿಚಾರ ನನಗೆ ಗೊತ್ತಿಲ್ಲ. ಊರಲ್ಲಿ ಬೆಸುಗೆ ಅಂದ್ರೆ ನೀವೇ." ಅಕ್ಕ ಫ್ಲೋಟನ್ನು ಮೇಜಿನ ಮೇಲಿಟ್ಟರು. "ಇದು ಕಾರಿನೊಳಗಿತ್ತು."

ಕನ್ನಡಕದವರ ಪೆನ್ನು ನಿಂತಿತು. ಮುಖದಲ್ಲಿ ಏನೂ ಕಾಣಲಿಲ್ಲ. "ಫ್ಲೋಟು," ಎಂದರು. "ಎಲ್ಲಾ ಕಾರಲ್ಲೂ ಇರುತ್ತೆ."

"ಹೌದಂತೆ. ನನಗೆ ಅರ್ಥವಾಗದ್ದು ಒಂದೇ. ಸುತ್ತಲೂ ಮುಚ್ಚಿದ ಡಬ್ಬಿ. ಬೆಸೆಯುವಾಗ ಒಳಗಿನ ಗಾಳಿ ಕಾಯುತ್ತಲ್ಲ? ಹಿಗ್ಗಿ ಬೆಸುಗೇನ ಹೊರಗೆ ಉಗುಳಬೇಕಲ್ಲ? ಹೇಗೆ ಮುಚ್ಚಿದರು?"

"ಹಾಗೆ ಯಾರಾದ್ರೂ ಮುಚ್ತಾರಾ!" ಕನ್ನಡಕದವರು ಕುರ್ಚಿ ಮುಂದೆಳೆದುಕೊಂಡರು. ಬಲ್ಲ ವಿಷಯ ಬಂದರೆ ಅವರಿಗೆ ಹೊತ್ತು ಗೊತ್ತಾಗುತ್ತಿರಲಿಲ್ಲ. "ಮೊದಲು ಸೂಜಿಮೊನೆಯಷ್ಟು ತೂತು ಬಿಟ್ಕೊಬೇಕು. ಸುತ್ತಲೂ ಬೆಸೀಬೇಕು. ಗಾಳಿ ಆ ತೂತಿಂದ ಹೋಗ್ತಾ ಇರುತ್ತೆ. ಆಮೇಲೆ ಪೂರ್ತಿ ತಣ್ಣಗಾಗೋಕೆ ಬಿಡಬೇಕು. ಅವಸರ ಮಾಡಬಾರದು. ಎಲ್ಲಾ ಆದಮೇಲೆ ಕೊನೇಲಿ ಒಂದೇ ಒಂದು ಚುಕ್ಕೆ. ತಟ್ ಅಂತ. ಮುಗೀತು."

"ಚುಕ್ಕೆ ಕಾಣುತ್ತಲ್ಲ ಮತ್ತೆ? ಅಂದ ಕೆಡುತ್ತಲ್ಲ?"

"ಕಾಣೋ ಜಾಗದಲ್ಲಿ ಯಾಕೆ ಹಾಕ್ತಾರಮ್ಮ? ಹೀಗೆ, ಇಲ್ಲಿ..."

ಫ್ಲೋಟನ್ನು ಎತ್ತಿ, ತಿರುಗಿಸಿ, ಕಿವಿಯ ಹಿಂದಿನ ಮಡಿಕೆಗೆ ಉಗುರಿಟ್ಟರು.

ಅಕ್ಕ ಆ ಉಗುರನ್ನೇ ನೋಡಿದರು.

"ಭೂತಗನ್ನಡಿ ಹಿಡಿದು ನನ್ನ ತಮ್ಮ ಅರ್ಧ ಗಂಟೆ ಹುಡುಕಿದ," ಎಂದರು ಅಕ್ಕ, ಮೆಲ್ಲಗೆ. "ನಿಮಗೆ ಕನ್ನಡಕ ಹಣೆ ಮೇಲಿದ್ರೂ ಸಿಕ್ತು."

ಕನ್ನಡಕದವರು ಹಣೆಯ ಮೇಲಿನ ಕನ್ನಡಕ ಮುಟ್ಟಿ ನೋಡಿಕೊಂಡರು. ಉಗುರನ್ನು ಆ ಜಾಗದಿಂದ ತೆಗೆಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇದು... ಎಲ್ಲರೂ ಅಲ್ಲೇ ಹಾಕ್ತಾರೆ."

"ಎಲ್ಲರೂ ಅಂದ್ರೆ ಯಾರು? ಊರಲ್ಲಿ ಇನ್ನೊಬ್ಬರ ಹೆಸರು ಹೇಳಿ, ಅವರ ಹತ್ರ ಹೋಗ್ತೀನಿ. ನನಗೆ ಐದು ಗಂಟೆವರೆಗೂ ಬಿಡುವಿದೆ."

"ಕಾಂಪೌಂಡರಮ್ಮ, ನೀವು ನನ್ನ ಮೇಲೆ..."

"ನಿಮ್ಮ ಕೈ ಕೆಲಸ ನನ್ನ ಮೂಗಿನ ಮೇಲೇ ಕೂತಿದೆ. ಪಕ್ಕ ಪಕ್ಕ ಇಟ್ಟು ನೋಡೋಣವಾ?" ಕನ್ನಡಕ ತೆಗೆದು ಫ್ಲೋಟಿನ ಪಕ್ಕದಲ್ಲಿಟ್ಟರು. ಎರಡು ಬೆಳ್ಳಿ ಗೆರೆಗಳು ಅಕ್ಕತಂಗಿಯರ ಹಾಗೆ ಹೊಳೆದವು. "ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ರೆ ಇಷ್ಟು ನೀಟಾಗಿ ಮಾಡ್ತಿರಲಿಲ್ಲ. ನನಗೆ ಬೇಜಾರು ಅದಲ್ಲ. ಒಬ್ಬ ಮನುಷ್ಯ ನಾಲ್ಕು ದಿನದಿಂದ ತನ್ನ ಕೈ ತಾನೇ ನೋಡಿಕೊಂಡು ಕೂತಿದಾನೆ. ಸ್ಕ್ರೂ ಅಡ್ಡಾದಿಡ್ಡಿ ಇರೋದು ನೋಡಿ, ನಾನೇ ಹಾಗೆ ಬಿಟ್ಟಿರಬೇಕು ಅಂದ್ಕೊಂಡ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಹೆಸರು ಹೊಡೆದುಹಾಕೋಕೆ ಟಿಪ್ಪಣಿ ಬರೀತಿದೀರಿ."

ಕನ್ನಡಕದವರು ಬರೆದ ಹಾಳೆಯನ್ನು ನೋಡಿದರು. ಅದನ್ನು ನಿಧಾನವಾಗಿ ಮಡಿಸಿದರು. ಮತ್ತೊಮ್ಮೆ ಮಡಿಸಿದರು.

"ತೂಕದ ವಿಚಾರ ನನಗೆ ಹೊಳೀಲಿಲ್ಲ," ಎಂದರು ಕೊನೆಗೆ. "ದೇವರಾಣೆಗೂ ಹೊಳೀಲಿಲ್ಲ. ಚೌಕಟ್ಟು ಬೆಸೆಯೋನಿಗೆ ಗೆರೆ ಕಾಣಬಾರದು ಅನ್ನೋದೊಂದೇ ಚಿಂತೆ. ಅದು ತೇಲೋ ವಸ್ತು ಅನ್ನೋದೇ ಮರೆತೆ. ಬೆಂಕಿ ಎದ್ದಾಗ ನಾನು ಮುಂದಿನ ಸೀಟಲ್ಲೇ ಇದ್ದೆ. ಆವಾಗ ಗೊತ್ತಾಯ್ತು. ಹೇಳೋಕೆ ನಾಲಿಗೆ ಬರಲಿಲ್ಲ."

"ಇಡೋಕೆ ಕೊಟ್ಟವರು ಯಾರು?"

"ಹೆಡ್‌ಮಿಸ್ಸು."

ಅಕ್ಕ ಕಾದರು. ಕಾಯುವುದು ಅವರಿಗೆ ಕಷ್ಟವಲ್ಲ. ಪುಡಿ ತಳಕ್ಕೆ ಇಳಿಯುವವರೆಗೆ ಲೋಟ ಹಿಡಿದು ಕೂತ ಅಭ್ಯಾಸ.

"ಮೆರವಣಿಗೆಗೆ ಒಂದು ವಾರ ಮುಂಚೆ ಶೆಡ್ಡಿಗೆ ಹೋಗಿದ್ದೆ. ಹತ್ತೀಲಿ ಸುತ್ತಿದ ಒಂದು ಪುಟ್ಟ ಗಂಟು ಕೊಟ್ಟರು. 'ಇದು ಮನೇಲಿ ಯಾರ ಕೈಗೂ ಸಿಗಬಾರದು, ಮನೆ ಬಿಟ್ಟೂ ಹೋಗಬಾರದು, ಎಲ್ಲಿಡಲಿ ಹೇಳಿ' ಅಂದರು. ಫ್ಲೋಟು ಅಂತ ಹೇಳಿದೋನು ನಾನೇ. ಬುದ್ಧಿವಂತಿಕೆ ತೋರಿಸಿದೆ ಅಂದ್ಕೊಳ್ಳಿ. ಡಾಕ್ಟರ ನೆನಪಿನ ವಸ್ತು ಏನೋ ಇರಬೇಕು, ಅವರ ಕಾರಲ್ಲೇ ಇರಲಿ ಅನ್ನೋ ಆಸೆ ಇರಬೇಕು ಅಂತ ತಿಳ್ಕೊಂಡೆ. ಬಿಚ್ಚಿ ನೋಡಲಿಲ್ಲ."

"ಈಗ ಬಿಚ್ಚಿ."

"ಅವರ ಅಪ್ಪಣೆ ಇಲ್ಲದೆ..."

"ಅವರ ಮಾತು ಕೇಳಿಯೇ ಅಲ್ಲವಾ ಬೆಂಕಿ ಎದ್ದಿದ್ದು? ಬಿಚ್ಚಿ."

ಕನ್ನಡಕದವರು ದೀಪದ ಕಡೆ ಕೈ ಚಾಚಿ, ಪೆಟ್ರೋಲಿನ ವಾಸನೆಗೆ ಹೆದರಿ ಹಿಂದೆಳೆದುಕೊಂಡರು. ಗರಗಸ ತೆಗೆದರು. ತಾವೇ ಹಾಕಿದ ಬೆಳ್ಳಿ ಗೆರೆಯ ಮೇಲೆ ಕುಯ್ಯತೊಡಗಿದರು. ಒಳ್ಳೆಯ ಕೆಲಸವೊಂದನ್ನು ಕೆಡಿಸುವ ಸಂಕಟ ಅವರ ಮುಖದಲ್ಲಿ ನಿಜವಾಗಿಯೂ ಇತ್ತು.

"ಐದು ಗಂಟೆಗೆ ನಾನೇ ಹೇಳ್ತೀನಿ," ಎಂದರು ಕುಯ್ಯುತ್ತಲೇ. "ಎಲ್ಲರ ಮುಂದೆ. ಮೇಸ್ತ್ರಿದು ತಪ್ಪಿಲ್ಲ, ತಪ್ಪು ಕಾರ್ಯದರ್ಶೀದು ಅಂತ."

"ಹೇಳಿ. ಆಮೇಲೆ ಅವನ ಗ್ಯಾರೇಜಿಗೆ ಬಂದು ಚಹಾ ಕುಡೀರಿ. ಅವನು ಬೈಯಲ್ಲ. ಅವನ ಹೆಂಡತಿ ಬೈತಾಳೆ, ಅಷ್ಟು ಇಟ್ಕೊಳ್ಳಿ."

ಕನ್ನಡಕದವರು ನಕ್ಕರು. ಎದೆಯಿಂದ ಒಂದು ಮೂಟೆ ಇಳಿದವರ ನಗು. ಅಷ್ಟರಲ್ಲಿ ಫ್ಲೋಟು ಎರಡಾಯಿತು.

ಒಳಗೆ ಬಿಗಿಯಾಗಿ ತುರುಕಿದ ಹತ್ತಿ, ಬೆಸುಗೆಯ ಕಾವಿಗೆ ಅಂಚು ಕಂದಾಗಿತ್ತು. ಅಕ್ಕ ಮೇಜಿನ ಮೇಲಿದ್ದ ಚಿಮಟದಿಂದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದರು. ನಡುವೆ ಇದ್ದದ್ದು ಒಂದು ಕೀಲಿ. ಕಿರುಬೆರಳಿನ ಅರ್ಧದಷ್ಟು, ಬೀರುವಿನ ಕೀಲಿ.

"ಇಷ್ಟೇನಾ?" ಎಂದರು ಕನ್ನಡಕದವರು.

ಅಕ್ಕ ಚಿಮಟ ಕೆಳಗಿಟ್ಟರು. ಎಂದೂ ಇಲ್ಲದೆ ಕೈಯಿಂದಲೇ ಕೀಲಿಯನ್ನೆತ್ತಿ, ಕಣ್ಣು ಮುಚ್ಚಿ, ಅದರ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಎಡಗಡೆ ಒಂದು ಕಚ್ಚು. ಕತ್ತಲಲ್ಲೂ ಗುರುತು ಸಿಗಲಿ ಎಂದು ಅರದಿಂದ ತಾವೇ ಹಾಕಿದ ಕಚ್ಚು.

ಡಾಕ್ಟರ ದವಾಖಾನೆಯಲ್ಲಿ ಕೆಂಪು ಬಣ್ಣದ ಬೀರು ಒಂದಿತ್ತು. ಅಕ್ಕಿಕಾಳಿನಷ್ಟು ಹೆಚ್ಚಾದರೂ ಜೀವಕ್ಕೆ ಎರವಾಗುವ ಪುಡಿಗಳು ಅದರೊಳಗೆ. ಅದಕ್ಕಿದ್ದದ್ದು ಒಂದೇ ಕೀಲಿ, ಅದು ಇರುತ್ತಿದ್ದದ್ದು ಕಾಂಪೌಂಡರಮ್ಮನ ಹತ್ತಿರ. ಡಾಕ್ಟರು ತೀರಿಹೋದ ವಾರವೇ ಅದು ಕಳೆದುಹೋಯಿತು. ಅವರು ದವಾಖಾನೆಯ ಮೂಲೆಮೂಲೆ ಗುಡಿಸಿ ಹುಡುಕಿದ್ದರು. ಸಿಗಲಿಲ್ಲ. 'ಇನ್ನು ಹುಡುಕಬೇಡಿ, ಬೀರು ಒಡೆಸಿ ಹಾಕಿಸಿದೀನಿ' ಎಂದು ಹೆಡ್‌ಮಿಸ್ಸೇ ಸಮಾಧಾನ ಹೇಳಿ ಕಳಿಸಿಕೊಟ್ಟಿದ್ದರು.

ಅಕ್ಕ ಕಣ್ಣು ತೆರೆದರು. ಕನ್ನಡಕ ಹಾಕಿಕೊಳ್ಳದೆಯೂ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಕಳೆದುಹೋಗಿದ್ದ ಕಬ್ಬಿಣದ ಕೀಲಿಗೆ ತುಕ್ಕಿನ ಸುಳಿವೇ ಇರಲಿಲ್ಲ. ಹಲ್ಲುಗಳು ದಿನ ಬಳಕೆಯ ಕೀಲಿಯ ಹಾಗೆ ಹೊಳೆಯುತ್ತಿದ್ದವು. ಸಂದಿಯಲ್ಲಿ ಎಣ್ಣೆಯ ಜಿಡ್ಡು.

ಹಾಗಾದರೆ ಬೀರು ಒಡೆದಿಲ್ಲ. ಈಚಿನವರೆಗೂ ಯಾರೋ ಅದನ್ನು ತೆರೆಯುತ್ತಿದ್ದರು. ಹೆಡ್‌ಮಿಸ್ಸು ಈ ಕೀಲಿ ಬಚ್ಚಿಟ್ಟದ್ದು ತಾವು ತೆರೆದದ್ದನ್ನು ಮುಚ್ಚಿಹಾಕಲೋ, ತೆರೆಯುತ್ತಿದ್ದ ಬೇರೊಬ್ಬರ ಕೈಯಿಂದ ತಪ್ಪಿಸಲೋ?

ಚೀಲದಲ್ಲಿ ಫೋನು ಹಾಡಿತು. ಮೇಸ್ತ್ರಿ.

"ಅಕ್ಕ! ಏನಾಯ್ತು? ಬೇಡ, ಹೇಳಬೇಡ, ನಿನ್ನ ಉಸಿರಲ್ಲೇ ಗೊತ್ತಾಗ್ತಿದೆ, ಗೆದ್ದಿದೀಯ. ಇಲ್ಲಿ ಮುದುಕಿ ಸ್ಟಾರ್ಟ್ ಆದಳು! ಒಂದೇ ಏಟಿಗೆ. ಒಂದು ಹನಿ ಸೋರಿದ್ರೆ ಕೇಳು."

"ಮುದುಕಿ ಅನ್ನಬೇಡ, ನನಗಿಂತ ಚಿಕ್ಕವಳು," ಎಂದರು ಅಕ್ಕ ಅಭ್ಯಾಸಬಲದಿಂದ. ಹಿಂದೆ ಎಂಜಿನ್ನು ಹದವಾಗಿ ಗುನುಗುತ್ತಿದ್ದದ್ದು ಫೋನಿನಲ್ಲೇ ಕೇಳುತ್ತಿತ್ತು. ತಮ್ಮನ ಧ್ವನಿಯಲ್ಲಿ ಇಷ್ಟು ಸಂತೋಷ ಕೇಳಿ ಎಷ್ಟು ದಿನವಾಗಿತ್ತು! "ತಮ್ಮ, ಒಂದು ಮಾತು. ನಿನ್ನ ಕೈ ನಡುಗೋಕೆ ಶುರುವಾಗಿದ್ದು ಯಾವಾಗ?"

"ಈಗ್ಯಾಕೆ ಆ ಮಾತು? ನಡುಗಿದ್ರೆ ನಡುಗಲಿ ಬಿಡು, ಕೆಲಸ ಕೆಡಿಸಿಲ್ಲವಲ್ಲ."

"ಯಾವಾಗ ಹೇಳು."

"ಎರಡು ತಿಂಗಳು... ಎರಡೂವರೆ ಆಗಿರಬೇಕು."

"ಅದಕ್ಕೆ ಮುಂಚೆ ಹೊಸದಾಗಿ ಏನು ಸೇರ್ತು?"

ಎಂಜಿನ್ನಿನ ಗುನುಗು ಮಾತ್ರ ಕೇಳಿತು. ಆಮೇಲೆ ಅದೂ ನಿಂತಿತು. ಅವನು ಕೀಲಿ ತಿರುಗಿಸಿ ಆರಿಸಿದ್ದ. ಆ ನಿಶ್ಶಬ್ದದಲ್ಲಿ ಗಾಜಿಗೆ ಚಮಚ ತಾಗಿ ಕಿಣಿ ಕಿಣಿ ಎಂದು ನಡುಗುವ ಸದ್ದು.

"ಆ ಚಮಚ ಕೆಳಗಿಡು," ಎಂದರು ಅಕ್ಕ. "ಬಾಟಲಿ ಚೆಲ್ಲಬೇಡ. ನನ್ನ ತಕ್ಕಡಿ ಪೆಟ್ಟಿಗೆ ಪಕ್ಕದಲ್ಲಿಡು. ನಾನು ಬರೋವರೆಗೂ ಯಾರಿಗೂ ಮುಟ್ಟೋಕೆ ಬಿಡಬೇಡ."

ಮೇಸ್ತ್ರಿಯ ಧ್ವನಿ ಪಿಸುಮಾತಿಗೆ ಇಳಿಯಿತು.

"ಇದು ಹೊಸ ಬಾಟಲಿ ಅಕ್ಕ. ಈಗ ತಾನೆ ಬಂತು. ತಂದವರು ಇಲ್ಲೇ ನಿನ್ನ ಸ್ಟೂಲಿನ ಮೇಲೆ ಕೂತಿದಾರೆ. ನಾನು ಒಂದು ಚಮಚ ಕುಡಿಯೋದು ನೋಡಿಯೇ ಹೋಗ್ತಾರಂತೆ."